ಹೊರಗಿದ್ದವರಿಗೂ ಕೇಳಬೇಕು

ಆಕೆಯನ್ನು ಎಲ್ಲರೂ ಕೆಂಡಕ್ಕ ಎನ್ನುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಎದುರಿಗೆ ಹೇಳುವ ಧೈರ್ಯ ಇದ್ದದ್ದು ಗಂಡನೊಬ್ಬನಿಗೆ. ಅವನು ದರ್ಜಿ. ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡೇ ಇರುತ್ತಿದ್ದುದರಿಂದ ಅವನು ಏನಂದನೆಂದು ಅವಳಿಗೆ ಸರಿಯಾಗಿ ತಿಳಿಯುತ್ತಲೇ ಇರಲಿಲ್ಲ. ಅವರ ಸಂಸಾರ ನೆಟ್ಟಗೆ ನಡೆದದ್ದೇ ಅದರಿಂದ ಎಂದು ಅಕ್ಕಪಕ್ಕದವರು ನಗುತ್ತಿದ್ದರು.

ಅವಳು ಮೈಕ್ ಕಟ್ಟುವ ಕಸುಬಿಗೆ ಬಂದದ್ದೂ ಸಿಟ್ಟಿನಿಂದಲೇ. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ದರ್ಜಿಗಳ ಸಂಘದ ಸಭೆಗೆ ಹೋಗಿದ್ದಳು. ಯಾರು ಬಾಯಿ ತೆರೆದರೂ ಸ್ಪೀಕರು ಕುಂಯ್ ಎಂದು ಕಿರುಚುತ್ತಿತ್ತು. ಮೈಕಿನ ಯಜಮಾನ, ಒಬ್ಬ ಮುದುಕ, ಗೋಡೆಗೆ ಒರಗಿ ತೂಕಡಿಸುತ್ತಿದ್ದ. ಅವಳು ಎದ್ದು ಹೋಗಿ, "ಏನ್ರೀ, ಆ ಡಬ್ಬಾನ ಮೈಕಿನ ಎದುರಿಂದ ಆ ಕಡೆ ತಿರುಗಿಸಬಾರದಾ? ಜನರ ಕಿವಿ ಏನು ಬಿಟ್ಟಿ ಬಿದ್ದಿದೆಯಾ?" ಎಂದು ಕೇಳಿದಳು. ಮುದುಕ ಕಣ್ಣು ತೆರೆಯದೆಯೇ, "ಅಷ್ಟು ಗೊತ್ತಿದ್ರೆ ನೀವೇ ಮಾಡಿ ತಾಯಿ" ಎಂದ. ಅವಳು ಸ್ಪೀಕರನ್ನು ತಿರುಗಿಸಿದಳು. ಕಿರುಚಾಟ ನಿಂತಿತು. ಮುದುಕ ಕಣ್ಣು ಬಿಟ್ಟು, ನಾಳೆಯಿಂದ ಅಂಗಡಿಗೆ ಬರುತ್ತೀರಾ ಎಂದು ಕೇಳಿದ. ಗಂಡ ಏನೋ ಗೊಣಗಿದ, ಬಾಯಲ್ಲಿ ಸೂಜಿಯಿತ್ತು. ಅವಳು ಅದನ್ನು ಒಪ್ಪಿಗೆ ಎಂದೇ ತಿಳಿದಳು. ಮುದುಕನ ಕೈಕಾಲು ಸೋತ ಮೇಲೆ ಅಂಗಡಿ ಅವಳದಾಯಿತು.

ಆಮೇಲಿನ ವರ್ಷಗಳಲ್ಲಿ ಅವಳ ಸಿಟ್ಟಿಗೆ ಕಾರಣಗಳ ಬರ ಬೀಳಲಿಲ್ಲ. ಮೈಕನ್ನು ಬೆರಳಿನಿಂದ ಟಪಟಪ ಬಡಿಯುವವರನ್ನು ಕಂಡರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಕೈಯಲ್ಲಿ ವೈರಿನ ಸುರುಳಿ ಹಿಡಿದು ನಿಂತಿದ್ದರೂ ಅವಳ ತಲೆಯ ಮೇಲಿಂದ ನೋಡುತ್ತ, "ಮೈಕಿನವರು ಎಲ್ಲಿ?" ಎಂದು ಕೇಳುವವರಿಗಂತೂ ಉತ್ತರವೇ ಸಿಗುತ್ತಿರಲಿಲ್ಲ. ಒಮ್ಮೆ ಒಬ್ಬ ಭಾಷಣಕಾರ, "ಗಂಡಸರು ಯಾರೂ ಬಂದಿಲ್ವಾ?" ಎಂದದ್ದಕ್ಕೆ, "ಬಂದಿದಾರಲ್ಲ, ನೀವೇ ಬಂದಿದೀರಿ. ಈ ಸ್ಪೀಕರ್ ಎತ್ತಿ ಮೇಲಿಡಿ" ಎಂದು ಅವನಿಂದಲೇ ಎತ್ತಿಸಿದ್ದಳು.

ಕಾಲ ಕಳೆದಂತೆ ಬರೀ ಮೈಕು ಸಾಲದೆಂದು ಜನ ಪರದೆಗಳನ್ನೂ ಕೇಳತೊಡಗಿದರು. ವೇದಿಕೆಯ ಮೇಲಿದ್ದವರು ಹಿಂದಿನ ಸಾಲಿನವರಿಗೆ ಕಾಣಬೇಕು, ಪಕ್ಕದ ಕೋಣೆಯವರಿಗೂ ಕಾಣಬೇಕು. ಅದಕ್ಕಾಗಿ ಅವಳು ಒಂದು ಸ್ಪ್ಲಿಟರ್ ತಂದಳು. ಅಂಗೈ ಅಗಲದ ತಗಡಿನ ಪೆಟ್ಟಿಗೆ. ಕ್ಯಾಮೆರಾದಿಂದ ಒಂದೇ ವೈರು ಒಳಗೆ ಹೋದರೆ ನಾಲ್ಕು ವೈರಾಗಿ ಹೊರಗೆ ಬಂದು ನಾಲ್ಕು ಪರದೆಗಳಿಗೆ ಅದೇ ಚಿತ್ರ ಹಂಚುತ್ತಿತ್ತು. ಮೈಕುಗಳ ಶಬ್ದ ಹೊಂದಿಸುವ ಮಿಕ್ಸರಿನಿಂದ ಕ್ಯಾಮೆರಾಗೆ ಒಂದು ಎಳೆ ಕೊಟ್ಟುಬಿಟ್ಟರೆ ಮೈಕಿನ ಶಬ್ದವೂ ಚಿತ್ರದ ಜೊತೆಗೆ ಅದೇ ವೈರಿನಲ್ಲಿ ಸವಾರಿ ಮಾಡಿ ಎಲ್ಲ ಟಿವಿಗಳಲ್ಲೂ ಕೇಳುತ್ತಿತ್ತು. ಆ ಪೆಟ್ಟಿಗೆಯನ್ನು ಅವಳು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಅವಳ ತಂಗಿಯ ಗಂಡ ಊರಂಚಿನ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಒಂದು ದಿನ ಅಲ್ಲಿ ಹಬೆಯ ಕೊಳವೆ ಸಿಡಿಯಿತು. ಕುದಿಯುವ ತೊಟ್ಟಿಯ ಬಳಿ ನಿಂತಿದ್ದ ಇಬ್ಬರು ಹುಡುಗರು ಸತ್ತರು. ಅವರನ್ನು ಈಚೆಗೆ ಎಳೆದುಕೊಳ್ಳಲು ಹೋದ ತಂಗಿಯ ಗಂಡನ ಎರಡು ಕೈಗಳೂ ಮೊಣಕೈವರೆಗೆ ಬೆಂದುಹೋದವು. ಅಪಾಯದ ಗಂಟೆ ಹೊಡೆದರೂ ಕೆಲಸಗಾರರು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ, ಅದಕ್ಕೇ ಹೀಗಾಯಿತು ಎಂದು ಕಂಪನಿ ಹೇಳಿತು. ಗಂಟೆ ಹೊಡೆಯಲೇ ಇಲ್ಲ ಎಂದು ಕೆಲಸಗಾರರು ಹೇಳಿದರು. ಕಾರ್ಮಿಕ ಇಲಾಖೆ ಬಹಿರಂಗ ವಿಚಾರಣೆ ಇಟ್ಟಿತು, ಅದೂ ಕಾರ್ಖಾನೆಯ ಸಭಾಂಗಣದಲ್ಲಿಯೇ. ಮೈಕು, ಪರದೆಯ ಕೆಲಸಕ್ಕೆ ಇಲಾಖೆಯವರು ಎಂದಿನಂತೆ ಕೆಂಡಕ್ಕನಿಗೆ ಹೇಳಿ ಕಳಿಸಿದರು.

ಅವಳಿಗೆ ಹೋಗುವ ಮನಸ್ಸಿರಲಿಲ್ಲ. "ಆ ಗೇಟಿನೊಳಗೆ ಕಾಲಿಟ್ರೆ ಯಾರನ್ನಾದ್ರೂ ಹೊಡೆದುಬಿಡ್ತೀನಿ ನಾನು" ಎಂದಳು.

"ಹೊಡೀಬೇಡ, ಹೋಗು" ಎಂದಳು ತಂಗಿ. "ನಮ್ಮನ್ನೆಲ್ಲ ಹೊರಗೆ ಕೂರಿಸ್ತಾರಂತೆ. ಒಳಗೆ ಜಾಗ ಇಲ್ವಂತೆ. ನೀನಿದ್ರೆ ನಮಗೆ ಮಾತಾದ್ರೂ ಸರಿಯಾಗಿ ಕೇಳಿಸತ್ತೆ."

ಅದೊಂದು ಮಾತಿಗೆ ಅವಳು ಒಪ್ಪಿಕೊಂಡಳು.

ಬೆಳಿಗ್ಗೆ ಹೋಗಿ ನೋಡಿದರೆ ತಂಗಿ ಹೇಳಿದ್ದು ನಿಜವಾಗಿತ್ತು. ಸಭಾಂಗಣದ ಮುಂದಿನ ಸಾಲುಗಳಲ್ಲಿ ಕಂಪನಿಯವರ ಹೆಸರು ಅಂಟಿಸಿದ ಕುರ್ಚಿಗಳು, ಹಿಂದೆ ಅವರ ವಕೀಲರಿಗೆ, ಪತ್ರಿಕೆಯವರಿಗೆ ಕುರ್ಚಿಗಳು. ಸತ್ತವರ ಮನೆಯವರು, ಗಾಯಗೊಂಡವರು ಕ್ಯಾಂಟೀನಿನಲ್ಲಿ. ಉಳಿದ ಕೆಲಸಗಾರರು ಸೈಕಲ್ ಶೆಡ್ಡಿನಲ್ಲಿ. ಎರಡೂ ಕಡೆ ಒಂದೊಂದು ಟಿವಿ. ಕಂಪನಿಯ ವ್ಯವಸ್ಥಾಪಕ, ತಲೆಗೂದಲನ್ನು ಒಂದೂ ಅಲುಗದಂತೆ ಬಾಚಿಕೊಂಡಿದ್ದ ಮನುಷ್ಯ, ಅವಳಿಗೆ ಎಲ್ಲವನ್ನೂ ಬೆರಳು ತೋರಿಸಿಯೇ ಹೇಳಿದ. ಅವಳು ಯಾರ ಅಕ್ಕ ಎಂಬುದು ಅವನಿಗೆ ತಿಳಿದಿರಲಿಲ್ಲ. ಅವಳೂ ಹೇಳಲಿಲ್ಲ. ಹಲ್ಲು ಕಚ್ಚಿಕೊಂಡು ವೈರು ಎಳೆದಳು.

ಸ್ಪ್ಲಿಟರಿನ ಮೊದಲ ತೂತಿನಿಂದ ಸಭಾಂಗಣದ ದೊಡ್ಡ ಪರದೆಯ ಪ್ರೊಜೆಕ್ಟರಿಗೆ, ಎರಡನೆಯದರಿಂದ ಕ್ಯಾಂಟೀನಿಗೆ, ಮೂರನೆಯದರಿಂದ ಸೈಕಲ್ ಶೆಡ್ಡಿಗೆ. ನಾಲ್ಕನೆಯದು ಖಾಲಿ. ಸಭಾಂಗಣದ ಸ್ಪೀಕರುಗಳಿಗೆ ಮಿಕ್ಸರಿನಿಂದ ನೇರವಾಗಿ ಬೇರೆ ವೈರು. ಎಲ್ಲ ಜೋಡಿಸಿ ಮೈಕಿನಲ್ಲಿ ಮಾತಾಡಿದಾಗ ಕ್ಯಾಂಟೀನಿನ ಬಾಗಿಲಲ್ಲಿ ನಿಂತ ತಂಗಿ ಕೈಯೆತ್ತಿ, ಕೇಳಿಸ್ತಿದೆ ಎಂದು ಸನ್ನೆ ಮಾಡಿದಳು. ಶೆಡ್ಡಿನ ಟಿವಿ ಮಾತ್ರ ಗಾಳಿಗೆ ಅಲುಗುತ್ತಿತ್ತು. ಅದನ್ನು ಹಗ್ಗದಿಂದ ಬಿಗಿದು ಬರಲು ಹೋದಳು.

ವಾಪಸು ಬಂದಾಗ ವಿಚಾರಣಾಧಿಕಾರಿಯ ಮೇಜಿನ ಮೇಲೆ ಹಳೆಯ ಕಂಪ್ಯೂಟರಿನ ಮಾನಿಟರೊಂದು ಕುಳಿತಿತ್ತು.

"ಇದನ್ನ ಯಾರು ಇಟ್ಟಿದ್ದು?"

"ನಾನೇ ಇಡಿಸ್ದೆ" ಎಂದ ವ್ಯವಸ್ಥಾಪಕ. "ಸಾಹೇಬರಿಗೆ ಹತ್ತಿರದಲ್ಲೇ ಕಾಣ್ಲಿ ಅಂತ. ನಮ್ಮ ಎಲೆಕ್ಟ್ರಿಷಿಯನ್ ನಿಮ್ಮ ಡಬ್ಬಿಗೆ ಸಿಕ್ಕಿಸಿದಾನೆ."

"ನನ್ನ ಪೆಟ್ಟಿಗೆ ಮುಟ್ಟೋಕೆ ಅವನಿಗೆ ಹೇಳಿದ್ಯಾರು? ನಾನೇನು ಸತ್ತುಹೋಗಿದ್ನಾ?"

"ಚಿತ್ರ ಬರ್ತಿದೆಯಲ್ಲಮ್ಮ, ಅದ್ಯಾಕೆ ಕೂಗ್ತೀರಿ?"

ಅಷ್ಟರಲ್ಲಿ ಅಧಿಕಾರಿ ಒಳಗೆ ಬಂದು ಕುಳಿತರು. ಎಲ್ಲರೂ ಎದ್ದು ನಿಂತರು. ಅವಳು ಕಣ್ಣು ಹಾಯಿಸಿದಳು. ದೊಡ್ಡ ಪರದೆಯಲ್ಲಿ ಚಿತ್ರವಿದೆ, ಸ್ಪೀಕರಿನಲ್ಲಿ ಮಾತಿದೆ. ಸದ್ಯಕ್ಕೆ ಇರಲಿ ಎಂದು ಸಿಟ್ಟನ್ನು ನುಂಗಿ ಮಿಕ್ಸರಿನ ಹಿಂದೆ ಕುಳಿತಳು.

ವಿಚಾರಣೆ ಶುರುವಾದ ಸ್ವಲ್ಪ ಹೊತ್ತಿಗೆ ಪಕ್ಕದ ಬಾಗಿಲಲ್ಲಿ ತಂಗಿಯ ಮುಖ ಕಾಣಿಸಿತು. "ಅಕ್ಕ, ಏನೂ ಕೇಳಿಸ್ತಿಲ್ಲ."

"ಟಿವಿ ಸೌಂಡ್ ಜಾಸ್ತಿ ಮಾಡು ಹೋಗು."

ತಂಗಿ ಹೋಗಿ ಮತ್ತೆ ಬಂದಳು. "ಪೂರ್ತಿ ಇಟ್ಟಿದೀವಿ. ಚಿತ್ರ ಮಾತ್ರ ಬರ್ತಿದೆ."

"ಬೆಳಿಗ್ಗೆ ನೀನೇ ತಾನೇ ಕೈಯೆತ್ತಿದ್ದು? ನಿಮ್ಮ ಜನಕ್ಕೆ ಮೊದಲು ಬಾಯಿ ಮುಚ್ಕೊಂಡು ಕೂರೋಕೆ ಹೇಳು. ಆ ಗದ್ದಲದಲ್ಲಿ ಏನು ಕೇಳಿಸತ್ತೆ?"

ತಂಗಿ ಅವಳನ್ನೇ ನೋಡಿದಳು. "ಅಲ್ಲಿ ಯಾರೂ ಉಸಿರು ಕೂಡ ಬಿಡ್ತಿಲ್ಲ ಅಕ್ಕ. ನೀನೂ ಇವರ ಥರಾನೇ ಮಾತಾಡೋಕೆ ಶುರು ಮಾಡಿದ್ಯಾ?" ಎಂದು ತಿರುಗಿ ಹೋದಳು.

ಕೆಂಡಕ್ಕನಿಗೆ ಇನ್ನಷ್ಟು ಸಿಟ್ಟು ಬಂತು. ಇಷ್ಟು ವರ್ಷದ ಕೆಲಸಕ್ಕೆ ಒಡಹುಟ್ಟಿದವಳೇ ತಪ್ಪು ತೋರಿಸಲು ಬಂದಳಲ್ಲ ಎಂದು ಒಳಗೊಳಗೇ ಕುದಿಯುತ್ತ ಮಿಕ್ಸರಿನ ಗುಂಡಿಗಳನ್ನೇ ದಿಟ್ಟಿಸಿದಳು. ಎಲ್ಲವೂ ತಾನಿಟ್ಟ ಜಾಗದಲ್ಲೇ ಇದ್ದವು.

ಕಂಪನಿಯ ಎಂಜಿನಿಯರ್ ಎದ್ದ. ಮೈಕಿನ ಮುಂದೆ ನಿಂತು ನಯವಾದ ದನಿಯಲ್ಲಿ ಹೇಳಿದ: "ಅಪಾಯದ ಗಂಟೆ ಸರಿಯಾಗಿಯೇ ಕೆಲಸ ಮಾಡುತ್ತಿತ್ತು. ಆ ದಿನವೂ ಹೊಡೆಯಿತು. ಕೆಲಸಗಾರರು ಎಂದಿನಂತೆ ಅದನ್ನು ಅಲಕ್ಷಿಸಿದರು. ಅವರಲ್ಲಿ ಒಂದಿಬ್ಬರು ಹೊರಗೆ ಹೋಗಿ ಬೀಡಿ ಸೇದುತ್ತಿದ್ದರು ಎಂಬ ಮಾಹಿತಿಯೂ ಇದೆ."

ಕೆಂಡಕ್ಕ ಕಿವಿ ನಿಮಿರಿಸಿದಳು. ಈ ಮಾತಿಗೆ ಹೊರಗಿನಿಂದ ಕೂಗು ಏಳಲೇಬೇಕಿತ್ತು. ಅಷ್ಟು ಜನರಲ್ಲಿ ಒಬ್ಬನಾದರೂ ಮೇಜು ಕುಟ್ಟಬೇಕಿತ್ತು, ಒಬ್ಬ ತಾಯಿಯಾದರೂ ಗೋಳೋ ಎನ್ನಬೇಕಿತ್ತು. ಏನೂ ಇಲ್ಲ. ಕಿಟಕಿಯಾಚೆ ನಿಶ್ಶಬ್ದ. ಅಧಿಕಾರಿ ತಲೆಯಾಡಿಸಿ ಬರೆದುಕೊಳ್ಳಲು ಹೇಳಿದರು. ಆಕ್ಷೇಪಣೆ ಯಾರದ್ದಾದರೂ ಇದೆಯೇ ಎಂದು ಕೇಳಿ, ಯಾರ ದನಿಯೂ ಬರದಿದ್ದಾಗ ಮುಂದಿನ ಪ್ರಶ್ನೆಗೆ ಹೋದರು.

ಕೆಂಡಕ್ಕ ಮಿಕ್ಸರನ್ನು ಹಾಗೇ ಬಿಟ್ಟಳು. ಎದ್ದು ಕ್ಯಾಂಟೀನಿಗೆ ಓಡಿದಳು.

ಅಲ್ಲಿ ಎಲ್ಲರೂ ಟಿವಿಯ ಕಡೆಗೆ ಬಾಗಿ ಎಂಜಿನಿಯರನ ತುಟಿಯನ್ನೇ ನೋಡುತ್ತಿದ್ದರು. ಸತ್ತ ಹುಡುಗರಲ್ಲಿ ಒಬ್ಬನ ತಾಯಿ ಟಿವಿಯ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು, ಸ್ಪೀಕರಿನ ಜಾಲರಿಗೆ ಕಿವಿ ಒತ್ತಿ ಕಣ್ಣು ಮುಚ್ಚಿ ಕುಳಿತಿದ್ದಳು. ಒಂದು ಅಕ್ಷರವಾದರೂ ಸಿಕ್ಕೀತು ಎಂಬಂತೆ. ಈಗಷ್ಟೇ ಈ ಜನರಿಗೆ ಬಾಯಿ ಮುಚ್ಚಿಕೊಳ್ಳಲು ಹೇಳಿದ್ದಳು ಕೆಂಡಕ್ಕ.

"ಏನಂದ ಅಕ್ಕ ಅವನು?" ತಂಗಿಯ ಗಂಡ ಕೇಳಿದ. ಅವನ ಎರಡೂ ಕೈಗಳು ಬಿಳಿ ಪಟ್ಟಿಯೊಳಗೆ ತೊಡೆಯ ಮೇಲಿದ್ದವು.

"ಗಂಟೆ ಹೊಡೀತು ಅಂದ. ನೀವೆಲ್ಲ ಲೆಕ್ಕಿಸಲಿಲ್ಲ ಅಂದ. ಬೀಡಿ ಸೇದ್ತಿದ್ರಿ ಅಂದ."

ಅವನು ಎದ್ದು ನಿಂತ.

ಅವಳು ವೈರು ಕಿತ್ತು ಹಾಕಿದಳು, ಟಿವಿ ಆರಿಸಿ ಹೊತ್ತಿಸಿದಳು, ಚೀಲದಿಂದ ಬೇರೆ ವೈರು ತೆಗೆದು ಸಿಕ್ಕಿಸಿದಳು. ಚಿತ್ರ ಬಂತು, ಶಬ್ದ ಬರಲಿಲ್ಲ. ಟಿವಿಯ ಬೆನ್ನಿಗೆ ಅಂಗೈಯಿಂದ ಬಡಿದಳು. ಅವಳಿಗೆ ಏನೂ ಹೊಳೆಯಲಿಲ್ಲ. ತಂಗಿ ಹತ್ತಿರ ಬಂದು, ಮುಖ ನೋಡದೆ ಹೇಳಿದಳು: "ಬೆಳಿಗ್ಗೆ ಕೇಳಿಸ್ತಿತ್ತು. ನೀನು ಶೆಡ್ ಕಡೆ ಹೋದಾಗ ಪರದೆ ಒಂದ್ಸಲ ಪೂರ್ತಿ ಕಪ್ಪಾಗಿ ಮತ್ತೆ ಬಂತು. ಅವಾಗಿಂದ ಇಲ್ಲ."

ಕಪ್ಪಾಗಿ ಬಂತು ಎಂದರೆ ಆಗ ಯಾರೋ ಸ್ಪ್ಲಿಟರಿನ ವೈರು ಕಿತ್ತು ಅದಲುಬದಲು ಮಾಡಿದ್ದಾರೆ. ಅವಳು ಸಭಾಂಗಣಕ್ಕೆ ಮರಳಿ ಪೆಟ್ಟಿಗೆಯ ಮುಂದೆ ಮಂಡಿಯೂರಿ ನೋಡಿದಳು. ಮಾನಿಟರಿನ ವೈರು ಗಿಡ್ಡವಿತ್ತು. ನಾಲ್ಕನೆಯ ತೂತಿಗೆ ಎಟುಕದೆ ಎಲೆಕ್ಟ್ರಿಷಿಯನ್ ಅದನ್ನು ಮೊದಲನೆಯದಕ್ಕೆ ಸಿಕ್ಕಿಸಿ, ಪ್ರೊಜೆಕ್ಟರಿನದನ್ನು ಕೊನೆಗೆ ದೂಡಿದ್ದ. ಅವಳ ಪೆಟ್ಟಿಗೆಗೆ ಒಂದು ಕೆಟ್ಟ ಚಾಳಿಯಿತ್ತು. ಮೊದಲನೆಯ ತೂತಿನಲ್ಲಿ ಕುಳಿತ ಪರದೆ ಏನು ಬಲ್ಲದೋ ಅಷ್ಟನ್ನೇ ಅದು ಕ್ಯಾಮೆರಾದಿಂದ ಕೇಳಿ ಎಲ್ಲರಿಗೂ ಹಂಚುತ್ತಿತ್ತು. ಹಳೆಯ ಮಾನಿಟರಿಗೆ ಸ್ಪೀಕರೇ ಇಲ್ಲ, ಅದು ಶಬ್ದ ಬೇಡವೆಂದಿತು. ಕ್ಯಾಮೆರಾ ಯಾರಿಗೂ ಶಬ್ದ ಕಳಿಸಲಿಲ್ಲ. ಸಭಾಂಗಣದ ಸ್ಪೀಕರುಗಳಿಗೆ ಬೇರೆ ದಾರಿ ಇದ್ದುದರಿಂದ ಒಳಗಿದ್ದ ಒಬ್ಬರಿಗೂ ಇದು ಗೊತ್ತಾಗಲಿಲ್ಲ.

ಅವಳು ವ್ಯವಸ್ಥಾಪಕನ ಕುರ್ಚಿಯ ಬಳಿ ಹೋಗಿ ಬಾಗಿ ಪಿಸುಗುಟ್ಟಿದಳು. "ಆ ಮಾನಿಟರ್ ತೆಗೀಬೇಕು. ಹೊರಗೆ ಯಾರಿಗೂ ಒಂದು ಮಾತೂ ಕೇಳಿಸಿಲ್ಲ."

ಅವನು ಅವಳ ಕಡೆ ತಿರುಗಲೂ ಇಲ್ಲ. "ಈಗ ಬೇಡ. ಎಲ್ಲ ಮುಗೀಲಿ."

"ಮುಗಿದ ಮೇಲೆ ಏನು ಕೇಳ್ತಾರೆ ಅವರು?"

"ಚಿತ್ರ ಕಾಣ್ತಿದೆಯಲ್ಲ" ಎಂದು ಅವನು ಸಣ್ಣಗೆ ನಕ್ಕ. "ನಿಜ ಹೇಳ್ಬೇಕಂದ್ರೆ ಒಳ್ಳೇದೇ ಆಯ್ತು. ಎಷ್ಟು ಶಾಂತವಾಗಿ ನಡೀತಿದೆ ನೋಡಿ."

ಕೆಂಡಕ್ಕ ಜೀವಮಾನದಲ್ಲಿ ನೂರಾರು ಸಲ ಸಿಟ್ಟಾಗಿದ್ದಳು. ಆಗೆಲ್ಲ ರಕ್ತ ನೆತ್ತಿಗೇರುತ್ತಿತ್ತು, ದನಿ ಏರುತ್ತಿತ್ತು, ಅರ್ಧ ಗಳಿಗೆಯಲ್ಲಿ ಇಳಿದೂ ಹೋಗುತ್ತಿತ್ತು. ಇದು ಅಂಥದಲ್ಲ. ಮೈ ತಣ್ಣಗಾಯಿತು. ಅವಳು ನೆಟ್ಟಗೆ ವೇದಿಕೆಯ ಬಳಿಗೆ ನಡೆದು, ಮೆಟ್ಟಿಲು ಹತ್ತಿ, ಅಧಿಕಾರಿಯ ಮುಂದಿದ್ದ ಮಾನಿಟರಿನ ವೈರನ್ನು ಹಿಡಿದು ಎಳೆದುಬಿಟ್ಟಳು.

ಸಭೆ ಗಕ್ಕನೆ ನಿಂತಿತು. ಅಧಿಕಾರಿ ಕನ್ನಡಕದ ಮೇಲಿಂದ ನೋಡಿದರು. "ಏನಮ್ಮ ಇದು?"

"ಸರ್, ಈ ಡಬ್ಬ ಇಲ್ಲಿರೋವರೆಗೂ ಹೊರಗಿರೋರಿಗೆ ಏನೂ ಕೇಳಿಸಲ್ಲ. ಬೆಳಿಗ್ಗೆಯಿಂದ ಅವರು ಮೂಕ ಚಿತ್ರ ನೋಡ್ತಿದಾರೆ. ನೀವು ಆಕ್ಷೇಪಣೆ ಇದೆಯಾ ಅಂತ ಕೇಳಿದ್ರಲ್ಲ, ಅದೂ ಅವರಿಗೆ ಕೇಳಿಸಿಲ್ಲ."

ಮೈಕಿಲ್ಲದೆಯೇ ಅವಳ ಮಾತು ಹಿಂದಿನ ಗೋಡೆಗೆ ಬಡಿಯಿತು. ವ್ಯವಸ್ಥಾಪಕ ಧಡಕ್ಕನೆ ಎದ್ದ. "ಸಣ್ಣ ತಾಂತ್ರಿಕ ದೋಷ ಸರ್, ಈಗಲೇ ಸರಿ ಮಾಡಿಸ್ತೀನಿ."

"ದೋಷ ಅಂತೆ!" ಅವಳು ಅವನ ಕಡೆ ತಿರುಗಿದಳು. "ಗೊತ್ತಿಲ್ಲದೆ ಆದ್ರೆ ದೋಷ. ಈಗ ತಾನೇ ಹೇಳಿದ್ನಲ್ಲ ನಿಮ್ಮ ಕಿವೀಲಿ? ಒಳ್ಳೇದೇ ಆಯ್ತು, ಶಾಂತವಾಗಿದೆ ಅಂದ್ರಲ್ಲ? ಸತ್ತ ಹುಡುಗನ ತಾಯಿ ಟಿವಿಗೆ ಕಿವಿ ಒತ್ಕೊಂಡು ಕೂತಿದಾಳೆ ಅಲ್ಲಿ. ನಿಮಗೆ ಶಾಂತಿ ಬೇಕಾ? ಹೋಗಿ ಅವಳ ಮುಂದೆ ನಿಂತು ಕೇಳಿ!"

"ಸಾಕು" ಎಂದರು ಅಧಿಕಾರಿ. "ಕೂಗಬೇಡಿ, ನನಗೆ ಅರ್ಥ ಆಯ್ತು." ದಣಿದ ಮುಖದ ಆ ಮನುಷ್ಯ ಯಾರ ಮೇಲೂ ಪ್ರೀತಿ ತೋರಿಸುವವರಲ್ಲ. ಅವಳ ಮೇಲೆ ರೇಗಿದ್ದರೆಂಬುದು ಕಾಣುತ್ತಿತ್ತು. ಆದರೂ ಮಾನಿಟರನ್ನು ತಾವೇ ಪಕ್ಕಕ್ಕೆ ಸರಿಸಿ, "ಎಂಜಿನಿಯರ್ ಅವರೇ, ನಿಮ್ಮ ಹೇಳಿಕೆ ಮೊದಲಿನಿಂದ ಮತ್ತೆ ಹೇಳಿ" ಎಂದರು.

ಅವಳು ಪ್ರೊಜೆಕ್ಟರಿನ ವೈರನ್ನು ಮೊದಲಿನ ಜಾಗಕ್ಕೆ ಸಿಕ್ಕಿಸಿದಳು. ಪರದೆ ಕಪ್ಪಾಗಿ ಮತ್ತೆ ಬೆಳಗಿತು. ಎಂಜಿನಿಯರ್ ಈ ಸಲ ತಗ್ಗಿದ ದನಿಯಲ್ಲಿ ಶುರುಮಾಡಿದ. ಅವನು ತಗ್ಗಿಸಿದಷ್ಟೂ ಅವಳು ಮಿಕ್ಸರಿನ ಗುಂಡಿಯನ್ನು ಮೇಲಕ್ಕೆ ತಳ್ಳಿದಳು. "ಗಂಟೆ ಹೊಡೆಯಿತು" ಎಂಬ ಮಾತು ಮುಗಿಯುವಷ್ಟರಲ್ಲಿ ಕ್ಯಾಂಟೀನಿನಿಂದ ಒಂದು ಕೂಗು ಎದ್ದಿತು. ಅದರ ಹಿಂದೆಯೇ ಶೆಡ್ಡಿನಿಂದ ತಗಡು ಬಡಿಯುವ ಸದ್ದು. "ಸುಳ್ಳು! ಸುಳ್ಳು!" ಎನ್ನುವುದು ಕಿಟಕಿಯ ಗಾಜನ್ನು ಅದುರಿಸಿತು.

ಬಾಗಿಲ ಕಾವಲುಗಾರ ಯಾರನ್ನೋ ತಡೆಯುತ್ತಿದ್ದ. ಅಧಿಕಾರಿ ಬಿಡಲು ಹೇಳಿದರು. ತಂಗಿಯ ಗಂಡ ಒಳಗೆ ಬಂದ. ಅವನಿಗೆ ಮೈಕು ಕೊಡಲು ಯಾರೋ ಕೈ ಚಾಚಿ, ಅವನ ಕೈ ನೋಡಿ ಹಿಂದೆಗೆದರು. ಕೆಂಡಕ್ಕ ಹೋಗಿ ಮೈಕು ತೆಗೆದುಕೊಂಡು ಅವನ ಬಾಯಿಯ ಮುಂದೆ ತಾನೇ ಹಿಡಿದು ನಿಂತಳು.

"ಆ ಗಂಟೆ ಹೊಡೆದಿಲ್ಲ ಸರ್" ಎಂದ ಅವನು. "ಹೊಡೆಯೋಕೆ ಆಗಲ್ಲ. ಅದರ ವೈರು ಕಿತ್ತು ಎಷ್ಟೋ ಕಾಲ ಆಯ್ತು. ಪದೇ ಪದೇ ಹೊಡೆಯತ್ತೆ, ಆಫೀಸಲ್ಲಿ ಫೋನ್ ಮಾತಾಡೋಕೆ ಆಗಲ್ಲ ಅಂತ ಕೀಳಿಸಿದ್ರು. ಹೊಡೆದಿದ್ರೆ ಆ ಹುಡುಗರು ಓಡ್ತಿದ್ರು ಸರ್. ನಾನು ಅವರನ್ನ ಎಳೀಬೇಕಾಗೇ ಇರಲಿಲ್ಲ."

ಅಧಿಕಾರಿ ಕಡತ ಮುಚ್ಚಿ, "ನಡೀರಿ, ನೋಡೋಣ" ಎಂದು ಎದ್ದರು. ಒಳಗಿದ್ದವರು, ಹೊರಗಿದ್ದವರು ಎಲ್ಲರೂ ಅವರ ಹಿಂದೆ ಹೋದರು. ಗಂಟೆ ಕಂಬದ ಮೇಲೆ ಕೆಂಪು ಬಣ್ಣದಲ್ಲಿ ಹೊಳೆಯುತ್ತಿತ್ತು, ಇತ್ತೀಚೆಗೆ ಬಣ್ಣ ಬಳಿದಂತಿತ್ತು. ಏಣಿ ಹತ್ತಿ ನೋಡಿದಾಗ ಅದರ ಹಿಂದೆ ವೈರಿನ ತುದಿಗಳು ಟೇಪು ಸುತ್ತಿಸಿಕೊಂಡು ಜೋತುಬಿದ್ದಿದ್ದವು. ಟೇಪಿನ ಮೇಲೆ ಹಳೆಯ ಧೂಳು. ಎಂಜಿನಿಯರ್ ನೆಲ ನೋಡಿದ. ವ್ಯವಸ್ಥಾಪಕ ಮಾತ್ರ ತಲೆಗೂದಲನ್ನು ಸವರಿಕೊಂಡು, ಇದು ತನ್ನ ಗಮನಕ್ಕೆ ಬಂದಿರಲಿಲ್ಲ ಎಂದ.

ಸಂಜೆ ಅವಳು ವೈರು ಸುತ್ತುತ್ತಿದ್ದಾಗ ವ್ಯವಸ್ಥಾಪಕ ಬಂದು ನಿಂತ. "ನಿಮ್ಮನ್ನ ಇನ್ನು ಯಾವ ಕಾರ್ಖಾನೆಯವರೂ ಕರೆಯಲ್ಲ, ನೆನಪಿಟ್ಕೊಳ್ಳಿ."

"ನೀವೂ ನೆನಪಿಟ್ಕೊಳ್ಳಿ" ಎಂದಳು ಅವಳು. "ಆ ಬೆಂದ ಕೈ ನನ್ನ ತಂಗಿ ಗಂಡಂದು." ಅವನ ಮುಖ ಬದಲಾದದ್ದನ್ನು ನೋಡಿಯೂ ಅವಳಿಗೆ ಸಮಾಧಾನವಾಗಲಿಲ್ಲ.

ತಂಗಿ ಅವಳೊಂದಿಗೆ ಬಹಳ ದಿನ ಸರಿಯಾಗಿ ಮಾತಾಡಲಿಲ್ಲ. ಕೊನೆಗೆ ಕೆಂಡಕ್ಕನೇ ಅವಳ ಮನೆಗೆ ಹೋದಳು. ತಂಗಿ ಗಂಡನಿಗೆ ಊಟ ಮಾಡಿಸುತ್ತಿದ್ದಳು. ಕೆಂಡಕ್ಕ ಬಾಗಿಲಲ್ಲೇ ನಿಂತು, "ನಾನು ಅವತ್ತು ಹಾಗನ್ನಬಾರದಿತ್ತು! ತಪ್ಪಾಯ್ತು! ಏನೀಗ?" ಎಂದು ಜಗಳಕ್ಕೆ ಬಂದವಳಂತೆ ಗದರಿದಳು. ತಂಗಿಯ ಗಂಡನಿಗೆ ನಗು ಬಂದು ತುತ್ತು ನೆತ್ತಿಗೇರಿತು. ತಂಗಿ ಅವನ ಬೆನ್ನು ತಟ್ಟುತ್ತ, "ಒಳಗೆ ಬಾ, ತಟ್ಟೆ ಹಾಕ್ತೀನಿ" ಎಂದಳು.

ವರದಿ ಬರಲು ಬಹಳ ಕಾಲ ಹಿಡಿಯಿತು. ಕೆಲಸಗಾರರದು ತಪ್ಪಿಲ್ಲ, ಗಂಟೆಯ ವೈರು ಕಿತ್ತದ್ದು ಕಂಪನಿಯವರೇ ಎಂದು ಅದರಲ್ಲಿತ್ತು. ಎಂಜಿನಿಯರನನ್ನು ಕೆಲಸದಿಂದ ತೆಗೆದರು. ಯಾರು ಕೀಳಿಸಿದರು ಎಂಬುದು ಸ್ಪಷ್ಟವಾಗಿಲ್ಲವೆಂದು ಬರೆದು ವ್ಯವಸ್ಥಾಪಕನನ್ನು ಅದೇ ಕುರ್ಚಿಯಲ್ಲಿ ಉಳಿಸಿದರು. ತಂಗಿಯ ಗಂಡನ ಬೆರಳುಗಳು ಅರ್ಧ ಮಡಚುವಷ್ಟು ಸುಧಾರಿಸಿದ್ದವು. "ನಮ್ಮ ತಪ್ಪಲ್ಲ ಅಂತ ಬರೆದಿದಾರಲ್ಲ ಅಕ್ಕ, ನನಗೆ ಅಷ್ಟು ಸಾಕು" ಎಂದ ಅವನು.

"ನಿಮಗೆ ಸಾಕಿರಬಹುದು, ನನಗೆ ಸಾಲದು" ಎಂದಳು ಕೆಂಡಕ್ಕ.

ಕಾರ್ಖಾನೆಗಳ ಕೆಲಸ ಅವಳಿಗೆ ನಿಜವಾಗಿಯೂ ಬರುವುದು ನಿಂತಿತು. ಶಾಲೆಗಳ, ಸಂಘಗಳ ಸಭೆಗಳಲ್ಲಿ ಅಂಗಡಿ ಹೇಗೋ ನಡೆಯುತ್ತದೆ. ಬಿಡುವಿನ ದಿನ ಅವಳು ಆ ಸತ್ತ ಹುಡುಗನ ತಾಯಿಯನ್ನು ಕರೆದುಕೊಂಡು ಕಾರ್ಮಿಕ ಇಲಾಖೆಗೆ ಹೋಗುತ್ತಾಳೆ. ಗಂಟೆಯ ವೈರು ಯಾರು ಕೀಳಿಸಿದ್ದು ಎಂದು ಕೇಳುತ್ತಾರೆ. ಗುಮಾಸ್ತ ನಾಳೆ ಬನ್ನಿ ಎನ್ನುತ್ತಾನೆ. ಆ ತಾಯಿ ಬೆಂಚಿನ ಮೇಲೆ ಕೂರುತ್ತಾಳೆ. ಕೆಂಡಕ್ಕ ಕೂರುವುದಿಲ್ಲ, ಗುಮಾಸ್ತನ ಮೇಜಿನ ಮುಂದೆಯೇ ನಿಂತಿರುತ್ತಾಳೆ.